ಮಗುವಿಗೆ ಸೈಕಲ್ ಟ್ರೇಲರ್: ಹಿಚ್ ಕೂರುತ್ತಿಲ್ಲ, ಇಳಿಜಾರಿನಲ್ಲಿ ತೂಗಾಡುತ್ತದೆ. ಯಾವುದು ತಗೊಳ್ಳಲಿ?

ಎರಡುಚಕ್ರ:

ಎಲ್ಲರಿಗೂ ನಮಸ್ಕಾರ. ಮಗಳಿಗೆ 16 ತಿಂಗಳು, ತೂಕ ಹತ್ತೂವರೆ ಕೆಜಿ. ಅವಳನ್ನು ಕರೆದುಕೊಂಡು ಓಡಾಡಲು ಸೈಕಲ್ ಟ್ರೇಲರ್, ಅಂದರೆ ಸೈಕಲ್ ಹಿಂದೆ ಕಟ್ಟಿ ಎಳೆಯುವ ಪುಟ್ಟ ಬಂಡಿ, ತಗೊಳ್ಳಬೇಕು ಅಂತಿದ್ದೇನೆ. ಕೊಳ್ಳುವ ಮುಂಚೆ ಒಂದಿಷ್ಟು ಗೊತ್ತಾಗಲಿ ಅಂತ ಗೆಳೆಯರೊಬ್ಬರ ಹಳೇ ಟ್ರೇಲರ್ ತಂದು ನೋಡುತ್ತಿದ್ದೇನೆ. ಎರಡು ಸೀಟಿನದು. ಮಗಳಿಗಂತೂ ಖುಷಿಯೋ ಖುಷಿ. ಆದರೆ ಮೂರು ತೊಂದರೆ ಕಾಣುತ್ತಿವೆ.

ಒಂದು, ನನ್ನ ಹೊಸ ಸೈಕಲ್‌ಗೆ ಅದರ ಹಿಚ್ (ಟ್ರೇಲರನ್ನು ಸೈಕಲ್‌ಗೆ ಸೇರಿಸುವ ಭಾಗ) ಕೂರುತ್ತಲೇ ಇಲ್ಲ. ಹಳೇ ಸೈಕಲ್‌ಗೆ ಕೂರುತ್ತದೆ. ಎರಡು, ಹಳೇ ಸೈಕಲ್‌ಗೆ ಹಾಕಿಕೊಂಡು ಇಳಿಜಾರಿನಲ್ಲಿ ಹೋದರೆ ಟ್ರೇಲರ್ ಹಿಂದೆ ಬಾಲದ ಹಾಗೆ ಅತ್ತಿತ್ತ ಆಡುತ್ತದೆ. ಮೂರು, ಹೆಲ್ಮೆಟ್ ಹಾಕಿ ಕೂರಿಸಿದರೆ ಮಗಳ ಗದ್ದ ಎದೆಗೆ ತಾಗುತ್ತದೆ. ಹೆಲ್ಮೆಟ್ ತೆಗೆದರೆ ಸರಿಯಾಗಿ ಕೂರುತ್ತಾಳೆ.

ಹೊಸದು ತಗೊಂಡರೆ ಇವೆಲ್ಲ ಹೋಗುತ್ತವಾ? ಒಂದು ಸೀಟಿನದು ಸಾಕಾ, ಎರಡರದ್ದು ಬೇಕಾ? ಸಸ್ಪೆನ್ಷನ್‌ಗೆ ಜಾಸ್ತಿ ದುಡ್ಡು ಕೊಡಬೇಕಾ? ನನ್ನ ಹೆಂಡತಿಯ ಸೈಕಲ್ ಎಲೆಕ್ಟ್ರಿಕ್, ಹಿಂದಿನ ಚಕ್ರದಲ್ಲೇ ಮೋಟರ್ ಇದೆ. ಅದಕ್ಕೂ ಹಾಕೋ ಹಾಗಿದ್ದರೆ ಒಳ್ಳೆಯದು.

ಹಳೇಚೈನ್:

ಯಾವ ಟ್ರೇಲರ್ ಅನ್ನೋದು ಆಮೇಲೆ. ಮೊದಲು ನಿಮ್ಮ ಸೈಕಲ್‌ಗಳ ಹಿಂದಿನ ಆಕ್ಸಲ್ (ಚಕ್ರದ ನಡುವಿನ ಅಚ್ಚು) ಎಂಥದು ಅಂತ ತಿಳಿಯಬೇಕು. ಹೊಸ ಸೈಕಲ್‌ನ ಆಕ್ಸಲ್ ಬಿಚ್ಚಿ ಅದರ ಮೇಲೆ ಏನು ಬರೆದಿದೆ ನೋಡಿ ಹೇಳಿ. ಟ್ರೇಲರ್ ಟೈರ್‌ನಲ್ಲಿ ಗಾಳಿ ಎಷ್ಟಿದೆ? ಮಗುವಿನ ಸಾಮಾನು ಎಲ್ಲಿ ಇಡುತ್ತೀರಿ? ಇಷ್ಟು ಹೇಳಿದರೆ ನಿಮ್ಮ ಮೂರರಲ್ಲಿ ಎರಡಕ್ಕೆ ಉತ್ತರ ಸಿಗುತ್ತದೆ.

ಎರಡುಚಕ್ರ:

ನೋಡಿದೆ ಸರ್. ಆಕ್ಸಲ್ ಮೇಲೆ ಎಂ12×1.5 ಅಂತಲೂ 172 ಅಂತಲೂ ಇದೆ. ಟೈರ್ ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪವೂ ಒಳಗೆ ಹೋಗಲ್ಲ, ಕಲ್ಲಿನಂತಿದೆ. ಸಾಮಾನೆಲ್ಲ ಹಿಂದಿನ ಡಿಕ್ಕಿಯಲ್ಲಿ. ಡೈಪರ್ ಚೀಲ, ನೀರು, ಬೀಗದ ಚೈನ್, ಪಂಪು. ಬೀಗದ ಚೈನೇ ಸಾಕಷ್ಟು ಭಾರ.

ಹಳೇಚೈನ್:

ಹಾಗಿದ್ದರೆ ಗೊತ್ತಾಯ್ತು. ಒಂದೊಂದಾಗಿ ಹೇಳುತ್ತೇನೆ, ಹಿಚ್‌ನಿಂದ ಶುರು ಮಾಡೋಣ. ಟ್ರೇಲರ್ ಮತ್ತು ಸೈಕಲ್ ನಡುವೆ ಇರೋದು ಅದೊಂದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮಕ್ಕಳ ಟ್ರೇಲರ್‌ಗಳು ಹೆಚ್ಚಾಗಿ ಹಿಂದಿನ ಚಕ್ರದ ಎಡಬದಿಯಲ್ಲಿ ಆಕ್ಸಲ್‌ಗೇ ಸಿಕ್ಕಿಕೊಳ್ಳುತ್ತವೆ. ಬಲಬದಿಯಲ್ಲಿ ಚೈನು, ಗೇರ್ ಬದಲಿಸುವ ಡಿರೇಲರ್ ಇರುತ್ತದಲ್ಲ, ಅದಕ್ಕೇ ಎಡ. ಹಳೇ ಸೈಕಲ್‌ನಲ್ಲಿ ಕ್ವಿಕ್ ರಿಲೀಸ್ ಇರುತ್ತದೆ: ಟೊಳ್ಳು ಆಕ್ಸಲ್ ಒಳಗೆ ತೆಳ್ಳನೆ ಕಡ್ಡಿ, ತುದಿಯಲ್ಲಿ ನಟ್. ಹಿಚ್ ಪ್ಲೇಟನ್ನು ಫ್ರೇಮ್‌ಗೂ ನಟ್‌ಗೂ ನಡುವೆ ಸೇರಿಸಿದರೆ ಆಯ್ತು. ಆದರೆ ನಟ್‌ಗೆ ಪ್ಲೇಟಿನ ದಪ್ಪದಷ್ಟು ಥ್ರೆಡ್ (ತಿರುಪಿನ ಹಲ್ಲು) ಕಡಿಮೆ ಸಿಗುತ್ತದೆ. ಬಿಗಿ ಮಾಡಿದ ಮೇಲೆ ಕಡ್ಡಿಯ ತುದಿ ನಟ್‌ನ ಹೊರಮುಖದವರೆಗಾದರೂ ಬಂದಿದೆಯಾ ನೋಡಿ. ಒಳಗೇ ಉಳಿದಿದ್ದರೆ ಉದ್ದದ ಕಡ್ಡಿ ಹಾಕಿಸಿ. ಅಲ್ಲಿಯವರೆಗೆ ಮಗುವನ್ನು ಕೂರಿಸಬೇಡಿ.

ಹೊಸ ಸೈಕಲ್‌ನದು ಥ್ರೂ ಆಕ್ಸಲ್. ಅದು 12 ಮಿ.ಮೀ. ದಪ್ಪದ, 172 ಮಿ.ಮೀ. ಉದ್ದದ ಒಂದೇ ಸರಳು. ನೇರವಾಗಿ ಫ್ರೇಮ್‌ಗೇ ತಿರುಗಿಸಿ ಕೂರಿಸುತ್ತಾರೆ. ಹಿಚ್ ಪ್ಲೇಟನ್ನು ನಡುವೆ ತುರುಕಲು ಅಲ್ಲಿ ಜಾಗವೇ ಇಲ್ಲ. ಅದಕ್ಕೆ ಟ್ರೇಲರ್‌ಗೆ ಅಂತಲೇ ಮಾಡಿದ ಉದ್ದದ ಆಕ್ಸಲ್ ಬೇರೆ ಸಿಗುತ್ತದೆ. ಹಳೆಯದನ್ನು ತೆಗೆದು ಅದನ್ನು ಹಾಕೋದು. ಅದನ್ನು ಕೊಳ್ಳುವಾಗ ಉದ್ದ ಮಾತ್ರ ನೋಡಿದರೆ ಸಾಲದು, ಥ್ರೆಡ್ ಪಿಚ್ ಕೂಡ ಹೊಂದಬೇಕು. ಪಿಚ್ ಅಂದರೆ ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಇರುವ ದೂರ. 1.0, 1.5, 1.75 ಹೀಗೆ ಮೂರು ಬಗೆ ಇವೆ. ನಿಮ್ಮದು 1.5. ಕಣ್ಣಿಗೆ ಎಲ್ಲ ಒಂದೇ ಥರ ಕಾಣುತ್ತವೆ. 1.75 ಅನ್ನು 1.5ರ ಫ್ರೇಮ್‌ಗೆ ತಿರುಗಿಸಿದರೆ ಮೊದಲೆರಡು ಸುತ್ತು ಹೋಗಿ ಆಮೇಲೆ ಬಿಗಿಯುತ್ತದೆ. ಅಲ್ಲಿ ಜೋರು ಮಾಡಿದರೆ ಫ್ರೇಮ್‌ನ ಥ್ರೆಡ್ ಹಾಳು.

ಮನೆಗೆ ಬಂದ ಕೂಡಲೇ ಹಳೇ ಆಕ್ಸಲ್ ಮತ್ತು ಹೊಸ ಆಕ್ಸಲ್ ಎರಡನ್ನೂ ಅಕ್ಕಪಕ್ಕ ಇಟ್ಟು ಥ್ರೆಡ್‌ಗೆ ಥ್ರೆಡ್ ಕೂಡಿಸಿ, ಬೆಳಕಿನ ಎದುರು ಹಿಡಿಯಿರಿ. ಹಲ್ಲುಗಳು ಒಂದರೊಳಗೊಂದು ಪೂರ್ತಿ ಕೂತು ನಡುವೆ ಬೆಳಕು ತೂರದಿದ್ದರೆ ಪಿಚ್ ಸರಿ ಇದೆ. ಎರಡು ಮೂರು ಹಲ್ಲು ದಾಟಿದ ಮೇಲೆ ಸಂದು ಕಾಣಿಸಿಕೊಂಡರೆ ವಾಪಸ್ ಕಳಿಸಿ.

ಇನ್ನೊಂದು ಮಾತು. ಒಂದು ಕಂಪನಿಯ ಟ್ರೇಲರ್ ತೋಳು (ಮುಂದಕ್ಕೆ ಚಾಚಿರುವ ಸರಳು) ಇನ್ನೊಂದರ ಹಿಚ್‌ಗೆ ಸೇರುತ್ತದೆ ಅಂತ ನಂಬಬೇಡಿ. ಥುಲೆ, ಬರ್ಲಿ, ಕ್ರೂಜರ್ ಇವುಗಳ ಹಿಚ್‌ಗಳೆಲ್ಲ ಬೇರೆ ಬೇರೆ. ಟ್ರೇಲರ್ ನೋಡುವಾಗಲೇ ಆ ಕಂಪನಿ ನಿಮ್ಮ ಎರಡೂ ಸೈಕಲ್‌ಗೆ ಹಿಚ್ ಕೊಡುತ್ತದಾ ಕೇಳಿ. ಕೊಡಲ್ಲ ಅಂದರೆ ಆ ಟ್ರೇಲರ್ ಎಷ್ಟೇ ಚೆನ್ನಾಗಿದ್ದರೂ ನಿಮಗಲ್ಲ.

ಹಿಚ್ ಜೊತೆ ಒಂದು ಸುರಕ್ಷತಾ ಪಟ್ಟಿ ಇರುತ್ತದೆ. ಅದನ್ನು ಫ್ರೇಮ್‌ನ ಸರಳಿಗೆ ಸುತ್ತಿ ಕೊಂಡಿ ಹಾಕಬೇಕು. ಹಿಚ್ ಕಳಚಿಕೊಂಡರೂ ಟ್ರೇಲರ್ ಬಿಟ್ಟು ಹೋಗದಂತೆ ಹಿಡಿಯೋದು ಅದೇ. ಪ್ರತಿ ಸಲ ಹಾಕಿ.

ಗಾಳಿಪಂಪು:

ತೂಗಾಟಕ್ಕೆ ಕಾರಣ ನಿಮ್ಮ ಡಿಕ್ಕಿ. ಚಕ್ರದ ಅಚ್ಚಿನ ಹಿಂದೆ ಭಾರ ಜಾಸ್ತಿಯಾದರೆ ಟ್ರೇಲರ್‌ನ ಮೂಗು ಮೇಲೇಳಲು ನೋಡುತ್ತದೆ. ತೋಳಿನ ಮೇಲೆ ಇರಬೇಕಾದ ಒತ್ತು ಕಡಿಮೆಯಾಗುತ್ತದೆ. ಆಗ ವೇಗದಲ್ಲಿ ಬಾಲ ಆಡುತ್ತದೆ. ಬೀಗದ ಚೈನನ್ನೂ ಪಂಪನ್ನೂ ಸೈಕಲ್‌ಗೇ ಕಟ್ಟಿ. ಡಿಕ್ಕಿಯಲ್ಲಿ ಹಗುರದ್ದು ಮಾತ್ರ ಇರಲಿ.

ಪರೀಕ್ಷೆ ಸುಲಭ. ಮಗು ಕೂತಿರುವಷ್ಟೇ ತೂಕಕ್ಕೆ 10 ಲೀಟರ್ ನೀರಿನ ಕ್ಯಾನ್ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿ. ಸೈಕಲ್‌ನಿಂದ ಬಿಚ್ಚಿ ತೋಳಿನ ತುದಿಯನ್ನು ಕೈಯಲ್ಲಿ ಎತ್ತಿ. ಕೆಲವು ಕೆಜಿ ಭಾರ ಕೈಗೆ ತಿಳಿಯಬೇಕು. ಎಷ್ಟಿರಬೇಕು ಅಂತ ಕೈಪಿಡಿಯಲ್ಲಿ ಇರುತ್ತದೆ. ಎತ್ತಿದ್ದೇ ಗೊತ್ತಾಗದಷ್ಟು ಹಗುರವಾಗಿದ್ದರೆ ಭಾರ ಹಿಂದಿದೆ ಅಂತಲೇ ಅರ್ಥ. ಆಮೇಲೆ ಅದೇ ಕ್ಯಾನ್ ಇಟ್ಟುಕೊಂಡು ಖಾಲಿ ಜಾಗದಲ್ಲಿ ಓಡಿಸಿ, ಬ್ರೇಕ್ ಹಿಡಿದು ನೋಡಿ. ಹಿಂದಿನ ಭಾರ ತಳ್ಳುವುದರಿಂದ ಸೈಕಲ್ ನಿಲ್ಲಲು ಜಾಸ್ತಿ ದೂರ ಬೇಕು, ಅದು ಕೈಗೆ ಅಭ್ಯಾಸ ಆಗಬೇಕು.

ವೇಗದ ಬಗ್ಗೆಯೂ ಹೇಳಬೇಕು. ಥುಲೆಯ ಕೈಪಿಡಿಯಲ್ಲಿ ಗಂಟೆಗೆ 25 ಕಿ.ಮೀ. ಮೀರಬೇಡಿ, ತಿರುವಿನಲ್ಲಿ 10 ಕಿ.ಮೀ.ಗೆ ಇಳಿಸಿ ಅಂತಿದೆ. ತಿರುವಿನಲ್ಲಿ ಯಾಕೆ ಅಷ್ಟು ಕಡಿಮೆ ಅಂದರೆ, ಸೈಕಲ್ ವಾಲುತ್ತದೆ, ಟ್ರೇಲರ್ ವಾಲಲ್ಲ. ವೇಗವಾಗಿ ತಿರುಗುವಾಗ ಒಳಬದಿಯ ಚಕ್ರ ಒಂದು ಕಲ್ಲೋ ಹಂಪಿನ ಅಂಚೋ ಹತ್ತಿದರೆ ಸಾಕು, ಮಗುಚಿಕೊಳ್ಳಬಹುದು. ಹಗುರ ಮಗು ಇದ್ದಾಗ ಇನ್ನೂ ಬೇಗ.

ಗುಂಡಿ ತಪ್ಪಿಸುವ ರೂಢಿಯನ್ನೂ ಬದಲಾಯಿಸಿಕೊಳ್ಳಬೇಕಾಗುತ್ತದೆ. ನೀವು ಸೈಕಲ್ ಚಕ್ರವನ್ನು ಗುಂಡಿಯ ಪಕ್ಕದಿಂದ ದಾಟಿಸುತ್ತೀರಿ. ಟ್ರೇಲರ್‌ನ ಒಂದು ಚಕ್ರ ಸೀದಾ ಅದೇ ಗುಂಡಿಗೆ ಇಳಿಯುತ್ತದೆ.

ಪುಟ್ಟಹೆಲ್ಮೆಟ್:

ಗದ್ದ ಎದೆಗೆ ತಾಗೋದನ್ನು ಹಗುರವಾಗಿ ತಗೋಬೇಡಿ. ಪುಟ್ಟ ಮಕ್ಕಳ ಉಸಿರಿನ ದಾರಿ ಕಿರಿದು, ತಲೆ ಭಾರ, ಕತ್ತು ಇನ್ನೂ ಎಳೆಯದು. ನಿದ್ದೆ ಬಂದರೆ ಇನ್ನೂ ಬಗ್ಗುತ್ತದೆ. ಒಂದು ವರ್ಷ ತುಂಬದ ಮಗುವನ್ನು ಸೈಕಲ್‌ನಲ್ಲಿ ಕರೆದುಕೊಂಡು ಹೋಗಬೇಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ನಿಮ್ಮ ಮಗಳು ಅದನ್ನು ದಾಟಿದ್ದಾಳೆ, ಒಳ್ಳೆಯದು.

ಇಲ್ಲಿ ತಪ್ಪು ಮಗಳದ್ದೂ ಅಲ್ಲ, ಹೆಲ್ಮೆಟ್‌ನದ್ದೂ ಅಲ್ಲ. ಹೆಲ್ಮೆಟ್‌ನ ಹಿಂಭಾಗ ಸೀಟಿನ ಬೆನ್ನಿಗೆ ಒತ್ತಿಕೊಂಡು ತಲೆಯನ್ನು ಮುಂದಕ್ಕೆ ತಳ್ಳುತ್ತಿದೆ. ಒಳ್ಳೆಯ ಟ್ರೇಲರ್‌ಗಳಲ್ಲಿ ತಲೆಯ ಹಿಂದೆ ಬಟ್ಟೆ ಒಳಗೆ ಇಳಿದು ಹೆಲ್ಮೆಟ್‌ಗೆ ಜಾಗ ಕೊಡುತ್ತದೆ. ಕೆಲವದರಲ್ಲಿ ಅಲ್ಲಿ ಬರೀ ಜಾಲರಿ ಇರುತ್ತದೆ. ಕೊಳ್ಳುವಾಗ ಮಗಳನ್ನೂ ಅವಳ ಹೆಲ್ಮೆಟ್ಟನ್ನೂ ಕರೆದುಕೊಂಡು ಹೋಗಿ. ಕೂರಿಸಿ, ಬೆಲ್ಟ್ ಹಾಕಿ, ಪಕ್ಕದಿಂದ ನೋಡಿ. ಗದ್ದಕ್ಕೂ ಎದೆಗೂ ನಡುವೆ ಅಂತರ ಕಾಣಬೇಕು.

ಸದ್ಯಕ್ಕೆ ಹಿಂಭಾಗ ಚಪ್ಪಟೆ ಇರುವ ಹೆಲ್ಮೆಟ್ ಹಾಕಿ ನೋಡಿ. ಹೆಲ್ಮೆಟ್ ಬಿಟ್ಟು ಮಾತ್ರ ಕೂರಿಸಬೇಡಿ. ಬೆಲ್ಟ್ ಐದು ಕಡೆ ಹಿಡಿಯುವಂಥದ್ದೇ ಇರಲಿ: ಎರಡು ಭುಜ, ಎರಡು ಸೊಂಟ, ಒಂದು ಕಾಲುಗಳ ನಡುವೆ.

ಮೇಲೇರು:

ಸಸ್ಪೆನ್ಷನ್ ಬೇಕು ಅಂತ ನನ್ನ ಅಭಿಪ್ರಾಯ. ರಸ್ತೆ ಒರಟಾಗಿದ್ದರೆ ಮಗು ಒಳಗೆ ಕುಲುಕಾಡೋದು ನಮಗೆ ಮುಂದೆ ಕೂತು ಗೊತ್ತೇ ಆಗಲ್ಲ. ಭಾರಕ್ಕೆ ತಕ್ಕಂತೆ ಹೊಂದಿಸುವ ಸಸ್ಪೆನ್ಷನ್ ಇರೋದನ್ನೇ ತಗೊಳ್ಳಿ.

ಗಾಳಿಪಂಪು:

ನಾನು ಅಷ್ಟು ಸುಲಭವಾಗಿ ಒಪ್ಪಲ್ಲ. ಮೊದಲು ಟೈರ್‌ನ ಗಾಳಿ ಇಳಿಸಲಿ. ಟ್ರೇಲರ್ ಟೈರ್‌ನ ಪಕ್ಕದಲ್ಲಿ ಗಾಳಿಯ ಮಿತಿ ಬರೆದಿರುತ್ತದೆ, ಅದರಲ್ಲಿ ಕನಿಷ್ಠದ ಹತ್ತಿರ ಇಟ್ಟರೆ ಸಾಕು. ಹತ್ತು ಕೆಜಿ ಮಗುವಿಗೆ ಕಲ್ಲಿನಂತೆ ಗಾಳಿ ತುಂಬಿದ ಟೈರ್ ಇದ್ದರೆ ಎಂಥ ಸಸ್ಪೆನ್ಷನ್ ಇದ್ದರೂ ಪ್ರಯೋಜನ ಇಲ್ಲ. ಎರಡು ದೊಡ್ಡ ಮಕ್ಕಳ ಭಾರಕ್ಕೆ ಬಿಗಿ ಮಾಡಿದ ಸ್ಪ್ರಿಂಗ್ ಒಂದು ಪುಟ್ಟ ಮಗುವಿಗೆ ಬಗ್ಗುವುದೂ ಇಲ್ಲ.

ಮೇಲೇರು:

ಗಾಳಿಯ ವಿಷಯ ಒಪ್ಪಿದೆ. ಅದಕ್ಕೇ ಹೊಂದಿಸುವಂಥದ್ದು ಅಂದಿದ್ದು. ಡಾಂಬರು ಚೆನ್ನಾಗಿರುವ ಕಡೆ ಮಾತ್ರ ಓಡಿಸೋದಾದರೆ ಸಸ್ಪೆನ್ಷನ್ ಇಲ್ಲದೆಯೂ ನಡೆಯುತ್ತದೆ. ಕಲ್ಲು ಮಣ್ಣಿನ ದಾರಿ ಇದ್ದರೆ ನನ್ನ ಮಾತೇ ಸರಿ.

ಹಳೇಚೈನ್:

ಒಂದು ಸೀಟಾ ಎರಡಾ ಅನ್ನೋದಕ್ಕೆ: ಇನ್ನೊಂದು ಮಗುವಿನ ಯೋಚನೆ ಇಲ್ಲದಿದ್ದರೆ ಒಂದೇ ಸಾಕು. ಎರಡು ಸೀಟಿನದು 80ರಿಂದ 90 ಸೆಂ.ಮೀ. ಅಗಲ ಬರುತ್ತದೆ. ನಿಮ್ಮ ಹ್ಯಾಂಡಲ್‌ಗಿಂತ ಅಗಲ. ಹ್ಯಾಂಡಲ್ ತೂರಿದ ಸಂದಿಯಲ್ಲಿ ಟ್ರೇಲರ್ ತೂರುತ್ತದೆ ಅಂತ ಅಂದುಕೊಳ್ಳೋ ಹಾಗಿಲ್ಲ. ಮನೆಯ ಗೇಟು, ಬಾಗಿಲು ಅಳೆದುಕೊಳ್ಳಿ. ಎರಡರದ್ದೇ ತಗೊಂಡರೆ ಒಂದೇ ಮಗುವನ್ನು ಯಾವ ಕಡೆ ಕೂರಿಸಬೇಕು ಅಂತ ಕೈಪಿಡಿ ಹೇಳುತ್ತದೆ, ಹಾಗೇ ಮಾಡಿ.

ಹೆಂಡತಿಯವರ ಸೈಕಲ್ ವಿಷಯದಲ್ಲಿ ಅವಸರ ಬೇಡ. ಚಕ್ರದಲ್ಲೇ ಮೋಟರ್ ಇದ್ದರೆ ಆಕ್ಸಲ್‌ಗೆ ದೊಡ್ಡ ನಟ್ ಇರುತ್ತದೆ. ಮೋಟರ್ ತಿರುಗುವಾಗ ಆಕ್ಸಲ್ ತಾನೂ ತಿರುಗದ ಹಾಗೆ ತಡೆಯುವ ವಾಷರ್ ಒಂದು ಇರುತ್ತದೆ. ಹಿಚ್‌ಗೆ ಜಾಗ ಮಾಡಲು ಅಂತ ಆ ವಾಷರ್ ತೆಗೆಯಲೇಬಾರದು. ಅದು ಇದ್ದೂ, ಹಿಚ್ ಸೇರಿಸಿಯೂ, ನಟ್‌ಗೆ ಪೂರ್ತಿ ಥ್ರೆಡ್ ಸಿಗಬೇಕು. ಅದಕ್ಕೂ ಮೊದಲು ಸೈಕಲ್‌ನ ಕೈಪಿಡಿಯಲ್ಲಿ ಟ್ರೇಲರ್ ಎಳೆಯಬಹುದು ಅಂತ ಇದೆಯಾ ಓದಿ. ಕೆಲವು ತಯಾರಕರು ಬೇಡ ಅಂತಾರೆ. ಕಾರ್ಬನ್ ಫ್ರೇಮ್‌ಗಳಿಗೂ ಇದೇ ಮಾತು.

ಪ್ರಮಾಣಪತ್ರವನ್ನೂ ನೋಡಿ. ಯುರೋಪಿನದಾದರೆ ಇಎನ್ 15918, ಅಮೆರಿಕದ್ದಾದರೆ ಎಎಸ್‌ಟಿಎಂ ಎಫ್1975. ಟ್ರೇಲರ್‌ನ ಚೀಟಿಯ ಮೇಲೋ ಕೈಪಿಡಿಯಲ್ಲೋ ಇರುತ್ತದೆ. ಸಾಮಾನು ಸಾಗಿಸುವ ಟ್ರೇಲರ್‌ಗೆ ಸೀಟು ಜೋಡಿಸಿ ಮಗುವನ್ನು ಕೂರಿಸೋದನ್ನು ಅಲ್ಲಲ್ಲಿ ನೋಡಿದ್ದೇನೆ. ದಯವಿಟ್ಟು ಬೇಡ. ಮಗುಚಿದಾಗ ತಲೆಯ ಮೇಲೆ ನಿಲ್ಲುವ ಚೌಕಟ್ಟು ಅದರಲ್ಲಿ ಇರಲ್ಲ.

ಎರಡುಚಕ್ರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೇಳಿದ ಹಾಗೆ ಮಾಡಿ ನೋಡಿದೆ.

ಬೀಗದ ಚೈನು, ಪಂಪು ಎರಡನ್ನೂ ಸೈಕಲ್‌ಗೆ ಕಟ್ಟಿ, ಟೈರ್ ಗಾಳಿ ಇಳಿಸಿ, ಕ್ಯಾನ್ ಇಟ್ಟುಕೊಂಡು ಅದೇ ಇಳಿಜಾರಿನಲ್ಲಿ ಹೋದೆ. ಬಾಲ ಆಡೋದು ನಿಂತಿದೆ. ಹೊಸ ಹೆಲ್ಮೆಟ್‌ನಿಂದ ಗದ್ದ ಸ್ವಲ್ಪ ಮೇಲೆ ಬಂತು, ಪೂರ್ತಿ ಅಲ್ಲ. ಈ ಹಳೇ ಟ್ರೇಲರ್‌ನಲ್ಲಿ ತಲೆಯ ಹಿಂದೆ ಜಾಗವೇ ಇಲ್ಲ, ಹಾಗಾಗಿ ಇದರಲ್ಲಿ ಮಗಳನ್ನು ಇನ್ನು ಕೂರಿಸುತ್ತಿಲ್ಲ.

ಒಂದು ಸೀಟಿನದು, ಹೊಂದಿಸುವ ಸಸ್ಪೆನ್ಷನ್, ತಲೆಯ ಹಿಂದೆ ಜಾಲರಿ ಇರುವಂಥದ್ದು ಅಂತ ತೀರ್ಮಾನ ಮಾಡಿದ್ದೇನೆ. ಆ ಕಂಪನಿ ನನ್ನ ಥ್ರೂ ಆಕ್ಸಲ್‌ಗೂ ಹಿಚ್ ಕೊಡುತ್ತದೆ, ಕೇಳಿದೆ. ಎಲೆಕ್ಟ್ರಿಕ್ ಸೈಕಲ್‌ನ ಕೈಪಿಡಿಯಲ್ಲಿ ಟ್ರೇಲರ್ ಬೇಡ ಅಂತಲೇ ಇದೆ, ಅದನ್ನು ಕೈಬಿಟ್ಟೆವು. ಹೆಂಡತಿ ನನ್ನ ಹಳೇ ಸೈಕಲ್ ಓಡಿಸುತ್ತಾಳೆ, ಅದಕ್ಕೂ ಒಂದು ಹಿಚ್ ಹೇಳಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ಏರು ಹತ್ತುವಾಗ ಪ್ರತಿ ಪೆಡಲ್‌ಗೂ ಹಿಂದಿನಿಂದ ಯಾರೋ ಎಳೆದು ಬಿಟ್ಟಂತೆ ಆಗುತ್ತದೆ. ಇದೂ ಹಿಚ್‌ನದ್ದಾ?

ಗಾಳಿಪಂಪು:

ಸ್ವಲ್ಪ ಹಿಚ್‌ನದ್ದು, ಸ್ವಲ್ಪ ಪೆಡಲ್‌ನದ್ದು. ನಿಂತು ಪೆಡಲ್ ತುಳಿದರೆ ಹಾಗಾಗುತ್ತದೆ. ಏರು ಶುರುವಾಗುವ ಮುಂಚೆಯೇ ಹಗುರ ಗೇರ್‌ಗೆ ಇಳಿಸಿ, ಕೂತೇ ಒಂದೇ ಸಮನೆ ತುಳಿಯಿರಿ. ಆಗಲೂ ಟಕ್ ಟಕ್ ಅಂತಿದ್ದರೆ ಹಿಂದಿನ ಬ್ರೇಕ್ ಹಿಡಿದುಕೊಂಡು ಇನ್ನೊಬ್ಬರಿಗೆ ಟ್ರೇಲರನ್ನು ಹಿಂದೆ ಮುಂದೆ ಅಲ್ಲಾಡಿಸಲು ಹೇಳಿ, ನೀವು ಹಿಚ್ ಮೇಲೆ ಬೆರಳಿಟ್ಟು ನೋಡಿ. ಆಟ ಇದ್ದರೆ ಬೆರಳಿಗೆ ಗೊತ್ತಾಗುತ್ತದೆ. ಪಿನ್ನಿನ ತೂತು ಸವೆದಿರಬಹುದು, ತೋಳಿನ ತುದಿಯ ರಬ್ಬರ್ ಬಿರುಕು ಬಿಟ್ಟಿರಬಹುದು. ರಬ್ಬರನ್ನು ಬಗ್ಗಿಸಿ ನೋಡಿ, ಬಿರುಕು ಆಗಲೇ ಬಾಯಿ ತೆರೆಯೋದು. ಕಂಡರೆ ಗೆಳೆಯರಿಗೆ ಹೇಳಿ, ಆ ಭಾಗ ಬದಲಾಯಿಸುವವರೆಗೆ ಅವರೂ ಮಗುವನ್ನು ಕೂರಿಸಬಾರದು.

ಎರಡುಚಕ್ರ:

ಈಗಷ್ಟೇ ಬಗ್ಗಿಸಿ ನೋಡಿದೆ. ಕೆಳಬದಿಯಲ್ಲಿ ಅರ್ಧ ಸುತ್ತು ಬಿರುಕು ಇದೆ. ನೇರ ಇದ್ದಾಗ ಕಾಣುವುದೇ ಇಲ್ಲ. ಗೆಳೆಯರಿಗೆ ಫೋಟೊ ಕಳಿಸಿ ಫೋನ್ ಮಾಡಿದೆ, ಅವರು ಹೊಸ ರಬ್ಬರ್ ತರಿಸುತ್ತಿದ್ದಾರೆ.