‘ಲಾಗ್ ತೆಗೆ’ ಅಂದರೆ ತರುವುದೋ, ಅಳಿಸುವುದೋ?

ಮಗಳಿಗೆ ಲಾಗರಿದಮ್ ಸಮೀಕರಣ ಹೇಳಿಕೊಡುತ್ತಿದ್ದೆ. ಆಧಾರ ಸಂಖ್ಯೆಯನ್ನು ಯಾವ ಘಾತಕ್ಕೆ ಏರಿಸಿದರೆ ಕೊಟ್ಟ ಸಂಖ್ಯೆ ಬರುತ್ತದೋ ಆ ಘಾತವೇ ಲಾಗರಿದಮ್, ಚಿಕ್ಕದಾಗಿ ಲಾಗ್: 2ರ ಘಾತ 5 = 32, ಹಾಗಾಗಿ ಆಧಾರ 2ಕ್ಕೆ 32ರ ಲಾಗ್ 5. ‘2ರ ಘಾತ ಕ್ಷ = 20’ ಎಂಬ ಲೆಕ್ಕ. “ಎರಡೂ ಕಡೆ ಲಾಗ್ ತೆಗಿ” ಅಂದೆ. ಅವಳು ಪೆನ್ಸಿಲ್ ಹಿಡಿದು ಸುಮ್ನೆ ಕೂತಳು. “ಇಲ್ಲಿ ಲಾಗೇ ಇಲ್ವಲ್ಲ, ಏನನ್ನ ತೆಗೀಲಿ?”

ಸರಿಯಾದ ಪ್ರಶ್ನೆಯೇ, ಅಲ್ವಾ? ವರ್ಗಮೂಲ ತೆಗೆ, ಸರಾಸರಿ ತೆಗೆ ಅಂದಾಗ ಲೆಕ್ಕ ಹಾಕಿ ಕಂಡುಹಿಡಿ ಎಂದರ್ಥ. ಟೋಪಿ ತೆಗೆ ಅಂದಾಗ ಇರುವುದನ್ನು ಆಚೆ ಇಡು ಎಂದರ್ಥ. ಲಾಗ್ ಲೆಕ್ಕದಲ್ಲಿ ಈ ಎರಡೂ ಕೆಲಸ ಇವೆ, ತೊಡಕು ಅಲ್ಲೇ. ಮೇಲಿನ ಲೆಕ್ಕಕ್ಕೆ ಲಾಗ್ ತರಬೇಕು: ಕ್ಷ = ಲಾಗ್ 20 ÷ ಲಾಗ್ 2 (ಆಧಾರ 10), ಅಂದರೆ 1.3010 ÷ 0.3010, ಸುಮಾರು 4.32. ಅದೇ ‘ಆಧಾರ 2ಕ್ಕೆ ಲಾಗ್ (ಕ್ಷ + 3) = 5’ ಎಂದಿದ್ದರೆ ಲಾಗ್ ಹೋಗಬೇಕು: ಕ್ಷ + 3 = 32, ಕ್ಷ = 29.

ಲಾಗ್ ಅನ್ನಬೇಕೋ ಲಘುಗಣಕ ಅನ್ನಬೇಕೋ ಎಂದು ನಾನು ಕೇಳುತ್ತಿಲ್ಲ. ನಮ್ಮಲ್ಲಿ ಎರಡೂ ನಡೆಯುತ್ತವೆ. ನನಗೆ ಬೇಕಿರುವುದು ಕ್ರಿಯಾಪದ. ‘ತೆಗೆದುಕೊ’ ಅಂದರೆ ಗೊಂದಲ ಕಡಿಮೆ, ಆದರೆ ಲಾಗನ್ನು ಎಲ್ಲಿಂದ ತೆಗೆದುಕೊಳ್ಳುವುದು ಅಂತ ಮಗು ಕೇಳಿದರೆ ಉತ್ತರವಿಲ್ಲ. ‘ಬಿಡಿಸು’ ಚೆಂದದ ಮಾತು, ಆದರೆ ಸಮೀಕರಣವನ್ನೇ ಬಿಡಿಸುತ್ತೇವಲ್ಲ. ಸದ್ಯಕ್ಕೆ ನಾನು ‘ಲಾಗ್ ಹಾಕು’, ‘ಲಾಗ್ ಕಳಚು’ ಅನ್ನುತ್ತಿದ್ದೇನೆ. ಅವಳಿಗೆ ತಕ್ಷಣ ಹಿಡಿಯಿತು.

ಇನ್ನೊಂದು ಪದವೂ ಬೇಕು. ಆಧಾರ 10 ಇರಲಿ, ಲಾಗ್ ಕ್ಷ + ಲಾಗ್ (ಕ್ಷ − 3) = 1. ಲಾಗ್‌ಗಳನ್ನು ಕೂಡಿಸಿದರೆ ಒಳಗಿನ ಸಂಖ್ಯೆಗಳ ಗುಣಲಬ್ಧದ ಲಾಗ್ ಬರುತ್ತದೆ. ಹಾಗೆ ಎರಡು ಲಾಗ್ ಕೂಡಿಸಿ ಒಂದು ಮಾಡಿ, ಆಮೇಲೆ ಕಳಚಿದರೆ ಕ್ಷ(ಕ್ಷ − 3) = 10. ಉತ್ತರ 5 ಮತ್ತು −2. ಈ −2 ನಿಲ್ಲುವುದಿಲ್ಲ. ವಾಸ್ತವ ಸಂಖ್ಯೆಗಳಲ್ಲಿ ಋಣ ಸಂಖ್ಯೆಗೆ ಲಾಗ್ ಇಲ್ಲ. ಅದು ಕಳಚುವಾಗ ನುಸುಳಿತು ಅಂತ ತುಂಬ ದಿನ ಅಂದುಕೊಂಡಿದ್ದೆ. ಅಲ್ಲ, ಕೂಡಿಸುವಾಗಲೇ ಒಳಗೆ ಬಂದಿರುತ್ತದೆ: −2 × −5 = 10, ಅದಕ್ಕೆ ಲಾಗ್ ಇದೆ, ಬೆಲೆಯೂ 1. ಬಿಡಿಯಾಗಿದ್ದಾಗ ಮಾತ್ರ ಸಿಕ್ಕಿಬೀಳುತ್ತದೆ.

ಇಂಥದ್ದನ್ನು ‘ತಪ್ಪು ಉತ್ತರ’ ಅನ್ನಲು ಮನಸ್ಸಾಗುವುದಿಲ್ಲ. ಮಗು ಗುಣಿಸಿದ್ದು, ಕೂಡಿಸಿದ್ದು ಎಲ್ಲ ಸರಿಯಾಗಿಯೇ ಇರುತ್ತದೆ. ‘ಹುಸಿ ಮೂಲ’ ಅನ್ನಬಹುದೇ? ‘ಹಾಕು’, ‘ಕಳಚು’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತವೆ? ಪಾಠ ಮಾಡುವವರು ಬಾಯಲ್ಲಿ ಏನು ಹೇಳುತ್ತೀರಿ, ಅದನ್ನೇ ತಿಳಿಸಿ.