ಬೆಂಗಳೂರು–ಸ್ಯಾನ್‌ಫ್ರಾನ್ಸಿಸ್ಕೊ ನೇರ ವಿಮಾನ: ದೂರಕ್ಕೂ ಹೊತ್ತಿಗೂ ಲೆಕ್ಕ ಏಕೆ ಕೂಡುವುದಿಲ್ಲ?

ಪ್ರಶ್ನೆ (ಹಾಸನದವ):
ಕಳೆದ ಚಳಿಗಾಲದಲ್ಲಿ ನಮ್ಮ ತಾಯಿಯವರು ತಂಗಿಯ ಮನೆಗೆಂದು ಸ್ಯಾನ್‌ಫ್ರಾನ್ಸಿಸ್ಕೊಗೆ ನೇರ ವಿಮಾನದಲ್ಲಿ ಹೋಗಿ ಬಂದರು. ಹೋಗುವಾಗ ಸುಮಾರು 16 ಗಂಟೆ ಹಿಡಿದರೆ ಬರುವಾಗ ಹದಿನೇಳೂವರೆಯಾಯಿತು. ಎರಡು ನಿಲ್ದಾಣಗಳ ನಡುವಿನ ಕನಿಷ್ಠ ದೂರ ಸುಮಾರು 14,000 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗ ಎಂದುಕೊಂಡರೆ ಹದಿನೈದೂವರೆ ಗಂಟೆ ಸಾಕಲ್ಲವೇ? ಹೋಗುವುದಕ್ಕೂ ಬರುವುದಕ್ಕೂ ವ್ಯತ್ಯಾಸವಾದರೂ ಏಕೆ?

ಉತ್ತರ (ಭೂಗೋಳದ ಮೇಷ್ಟ್ರು):
ಆ 14,000 ಕಿ.ಮೀ. ಎಂಬುದು ಗೋಳದ ಮೇಲೆ ದಾರ ಎಳೆದು ಅಳೆದ ದೂರ. ಮನೆಯಲ್ಲಿ ಗ್ಲೋಬ್ ಇದ್ದರೆ ನೀವೇ ದಾರ ಹಿಡಿದು ನೋಡಬಹುದು: ಅದು ಬೆಂಗಳೂರಿನಿಂದ ಉತ್ತರಕ್ಕೆ ತುಸು ಪೂರ್ವಕ್ಕೆ ವಾಲಿ, ನೇಪಾಳದ ಹಿಮಾಲಯ, ಟಿಬೆಟ್ ಮತ್ತು ಪೂರ್ವ ಸೈಬೀರಿಯಗಳನ್ನು ದಾಟಿ, ಸುಮಾರು 71 ಡಿಗ್ರಿ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಕಡೆಯಿಂದ ಇಳಿಯುತ್ತದೆ. ವಿಮಾನ ಈ ದಾರಿಯನ್ನು ಹಿಡಿಯುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ವಿಮಾನವು ಕೂಡಲೇ 10,000 ಅಡಿಗೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರ್, ಅಂದರೆ ಸುಮಾರು 15,000 ಅಡಿ ಎತ್ತರದಲ್ಲಿರುವಾಗ ಇಳಿಯುವುದೆಲ್ಲಿಗೆ? ಬೆಂಗಳೂರಿನಿಂದ ಮಂಗಳೂರಿಗೆ ಗೆರೆ ಎಳೆದ ಮಾತ್ರಕ್ಕೆ ಶಿರಾಡಿ ಘಾಟಿಯ ತಿರುವುಗಳು ತಪ್ಪುತ್ತವೆಯೇ ಎಂದು ನಾನು ಮಕ್ಕಳಿಗೆ ಹೇಳುವುದುಂಟು.

ಉತ್ತರ (ಕಿಟಕಿ ಸೀಟು):
ಮೇಷ್ಟ್ರು ಹೇಳಿದ್ದಕ್ಕೆ ಗಾಳಿಯನ್ನೂ ಸೇರಿಸಬೇಕು. ಜೆಟ್ ಸ್ಟ್ರೀಮ್ ಎಂಬ ಮೇಲ್ಮಟ್ಟದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಚಳಿಗಾಲದಲ್ಲಂತೂ ಅದರ ಬಿರುಸು ಹೆಚ್ಚು. ಆದ್ದರಿಂದ ಬೆಂಗಳೂರಿನಿಂದ ಹೊರಟ ವಿಮಾನವು ಸಾಮಾನ್ಯವಾಗಿ ಪೆಸಿಫಿಕ್ ಸಾಗರದ ಮೇಲೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹೋಗುತ್ತದೆ. ಮರಳುವಾಗ ಅದೇ ದಾರಿ ಹಿಡಿದರೆ ಎದುರುಗಾಳಿಯಲ್ಲಿ ಇಂಧನ ಸುಡುವುದಷ್ಟೇ ಲಾಭ. 2021ರ ಜನವರಿ 9ರಂದು ಏರ್ ಇಂಡಿಯಾ ಈ ಮಾರ್ಗವನ್ನು ಆರಂಭಿಸಿದಾಗ, ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಬೋಯಿಂಗ್ 777 ವಿಮಾನವನ್ನು ಉತ್ತರ ಧ್ರುವದ ಮೇಲಿನಿಂದಲೇ ಬೆಂಗಳೂರಿಗೆ ತಂದರು; ಆ ಹಾರಾಟ ಸುಮಾರು 17 ಗಂಟೆಯದು. ಇದಲ್ಲದೆ ಟಿಕೆಟ್ಟಿನಲ್ಲಿ ನಮೂದಿಸುವ ಅವಧಿಯಲ್ಲಿ ರನ್‌ವೇವರೆಗೆ ಉರುಳುವ ಹೊತ್ತೂ ಸೇರಿರುತ್ತದೆ ಎಂಬುದನ್ನು ಮರೆಯಬೇಡಿ.

ಹಾಸನದವ:
ಇಬ್ಬರಿಗೂ ಧನ್ಯವಾದಗಳು. ಗಡಿಯಾರದ ವಿಷಯದಲ್ಲಿಯೂ ನಾನು ಎಡವಿದ್ದೆ. ಹೋಗುವಾಗ ಅಮ್ಮ ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ತಲುಪಿದ್ದರಿಂದ, ಬರುವಾಗಲೂ ಶನಿವಾರ ರಾತ್ರಿ ಹೊರಟವರು ಭಾನುವಾರ ಇಳಿಯುತ್ತಾರೆಂದು ಭಾವಿಸಿ ದೇವನಹಳ್ಳಿಗೆ ಹೋಗಿ ಕಾದಿದ್ದೆವು.

ಭೂಗೋಳದ ಮೇಷ್ಟ್ರು:
ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಅಲ್ಲಿ ಶನಿವಾರ ರಾತ್ರಿ 9 ಗಂಟೆಯಾದಾಗ ಇಲ್ಲಿ ಭಾನುವಾರ ಬೆಳಿಗ್ಗೆ ಹತ್ತೂವರೆ. ಅದಕ್ಕೆ ಹದಿನೇಳೂವರೆ ಗಂಟೆ ಕೂಡಿಸಿದರೆ ಸೋಮವಾರ ನಸುಕಿನ 4 ಗಂಟೆ. ಮುಂದಿನ ಸಲ ಭಾನುವಾರ ರಾತ್ರಿ ಊಟ ಮುಗಿಸಿಯೇ ಹಾಸನ ಬಿಡಿ.