ಕೋನ್, ಚಪ್ಪಟೆ ತಳ, ಬೆಣೆ: ಬರೀ ಕಾಫಿಗೆ ಯಾವ ಡ್ರಿಪ್ಪರ್ ತಗೊಳ್ಳಲಿ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಮ್ಮನ ಸ್ಟೀಲ್ ಫಿಲ್ಟರ್ ಇದೆ. ಚಿಕೋರಿ ಬೆರೆಸಿದ ಪುಡಿ, ಗಟ್ಟಿ ಡಿಕಾಕ್ಷನ್, ಕಾಯಿಸಿದ ಹಾಲು. ಅದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಕೊಪ್ಪದ ಕಡೆ ತೋಟ ಇರುವ ಗೆಳೆಯನೊಬ್ಬ ಈಗ ತಮ್ಮದೇ ಅರೇಬಿಕಾ ಕೊಡುತ್ತಿದ್ದಾನೆ. ಎಸ್.795 ಅನ್ನುವ ತಳಿಯ ಗಿಡಗಳದ್ದು, ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಬೀಜ (ಪಾರ್ಚ್‌ಮೆಂಟ್ ಅನ್ನುತ್ತಾರೆ), ಹುರಿದದ್ದು ತೀರಾ ಕಪ್ಪಾಗಿಲ್ಲ. ಇದನ್ನು ಹಾಲು ಹಾಕದೆ ಕುಡಿಯಬೇಕು ಅಂತ ಆಸೆ. ಸ್ಟೀಲ್ ಫಿಲ್ಟರಿನ ಡಿಕಾಕ್ಷನ್‌ಗೆ ಬಿಸಿನೀರು ಬೆರೆಸಿದರೆ ಕಹಿಯೇ ಮುಂದೆ ಬರುತ್ತದೆ, ತಳದಲ್ಲಿ ಗಸಿ ಕೂರುತ್ತದೆ.

ಆನ್‌ಲೈನ್‌ನಲ್ಲಿ ನೋಡಿದರೆ ಡ್ರಿಪ್ಪರ್, ಅಂದರೆ ಒಳಗೆ ಪೇಪರ್ ಹಾಸಿ, ಪುಡಿ ಹಾಕಿ, ಮೇಲಿಂದ ಬಿಸಿನೀರು ಸುರಿದು ಸೋಸುವ ಬಟ್ಟಲು, ಮೂರು ಆಕಾರದಲ್ಲಿದೆ. ವಿ60 ಥರದ ಕೋನ್, ಕಲಿಟಾ ವೇವ್ ಥರದ ಚಪ್ಪಟೆ ತಳ, ಮೆಲಿಟಾ ಥರದ ಬೆಣೆ. ಮೇಲಿಂದ ಪಿಂಗಾಣಿ ಬೇರೆ, ಪ್ಲಾಸ್ಟಿಕ್ ಬೇರೆ, ಬೆಲೆಯಲ್ಲಿ ಅಜಗಜಾಂತರ. ಕುಡಿಯುವವರು ನಾನು ಮತ್ತು ನನ್ನ ಹೆಂಡತಿ ಇಬ್ಬರೇ. ಸಣ್ಣ ಧಾರೆಯಲ್ಲಿ ಸುರಿಯುವ ಕೊಕ್ಕಿನ ಕೆಟಲ್ ಇಲ್ಲ. ಬೀಜವನ್ನು ಗಾಂಧಿ ಬಜಾರ್ ಕಡೆ ಒಂದು ಅಂಗಡಿಯ ಮಿಷನ್ನಿನಲ್ಲಿ ಪುಡಿ ಮಾಡಿಸುತ್ತೇನೆ. ಯಾವುದು ಸರಿ?

ಹಾಲುಕಾಫಿ, ಭದ್ರಾವತಿ

ಕೊಪ್ಪದ ಬೀಜ ಸಿಕ್ಕಿದೆ, ಸುಮ್ನೆ ಹಾಲು ಹಾಕಿ ಕುಡೀರಿ ಸಾರ್. ಪೇಪರಿಗೆ ದುಡ್ಡು ಕೊಟ್ಟು ತೆಳ್ಳಗಿನ ಕಾಫಿ ಕುಡಿಯುವ ಕರ್ಮ ಯಾಕೆ?

ಬಾವಿನೀರು, ತೀರ್ಥಹಳ್ಳಿ

ಹಾಲುಕಾಫಿಯವರ ಮಾತು ಅವರಿಗೇ ಇರಲಿ. ತುಂಗಾತೀರ ಅವರೇ, ನೀವು ಡ್ರಿಪ್ಪರ್ ನೋಡುವುದಕ್ಕೆ ಮುಂಚೆ ಪೇಪರ್ ನೋಡಿ. ಡ್ರಿಪ್ಪರ್ ಒಂದು ಸಲ ತಗೊಂಡರೆ ಮುಗಿಯಿತು. ಪೇಪರ್ ದಿನಾ ಬೇಕು, ಒಂದು ಆಕಾರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಅಳತೆ ಕೂಡ ಬೇರೆ ಬೇರೆ: ವಿ60ಯಲ್ಲಿ 01, 02, 03. ಕಲಿಟಾ ವೇವ್‌ನಲ್ಲಿ 155, 185. ಚೆಂದದ ಪಿಂಗಾಣಿ ಡ್ರಿಪ್ಪರ್ ತರಿಸಿಕೊಂಡು, ಪೇಪರ್ ಮುಗಿದ ಮೇಲೆ ಅದನ್ನು ಶೋಕೇಸಿನಲ್ಲಿ ಇಟ್ಟವರನ್ನು ನಾನು ಬಲ್ಲೆ. ನೀವು ಇಷ್ಟಪಟ್ಟ ಡ್ರಿಪ್ಪರಿನ ಪೇಪರ್ ಯಾವಾಗ ಹುಡುಕಿದರೂ ಸ್ಟಾಕ್ ಇರುತ್ತದಾ, ಒಂದು ಪೇಪರಿಗೆ ಎಷ್ಟು ಬೀಳುತ್ತದೆ, ಇದನ್ನು ಮೊದಲು ಲೆಕ್ಕ ಹಾಕಿ.

ಆಮೇಲೆ ತೂತು ನೋಡಿ. ಆಕಾರದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆದರೆ ಅರ್ಧ ವಿಷಯ ಇರುವುದು ತೂತಿನಲ್ಲಿ. ವಿ60 ಅಂದರೆ ವಿ ಆಕಾರ, 60 ಡಿಗ್ರಿ ಕೋನ, ಕೆಳಗೆ ಒಂದೇ ದೊಡ್ಡ ತೂತು. ನೀರನ್ನು ತಡೆದು ನಿಲ್ಲಿಸುವ ಕೆಲಸ ಅದು ಮಾಡುವುದೇ ಇಲ್ಲ. ಪುಡಿ ಎಷ್ಟು ಸಣ್ಣ, ನೀವು ಎಷ್ಟು ನಿಧಾನ ಸುರಿಯುತ್ತೀರಿ, ಎಲ್ಲಾ ಅದರ ಮೇಲೆ. ನಡುವೆ ಪುಡಿ ಆಳ, ಅಂಚಿನಲ್ಲಿ ತೆಳು. ನೀರು ಅಂಚಿಗೆ ಬಿದ್ದರೆ ಪುಡಿಯನ್ನು ಮುಟ್ಟದೆ ಪೇಪರಿನ ಬದಿಯಿಂದ ಜಾರಿ ಹೋಗುತ್ತದೆ. ಕೈ ಪಳಗಿದರೆ ರುಚಿ ಬಹಳ ಚೊಕ್ಕ, ಅದು ನಿಜ. ಆದರೆ ಕೊಕ್ಕಿನ ಕೆಟಲ್ ಇಲ್ಲದವರಿಗೆ ಮೊದಲ ಡ್ರಿಪ್ಪರ್ ಆಗಿ ಅದನ್ನು ನಾನು ಹೇಳುವುದಿಲ್ಲ.

ಕಲಿಟಾ ವೇವ್‌ನಲ್ಲಿ ತಳ ಚಪ್ಪಟೆ, ಮೂರು ಸಣ್ಣ ತೂತು. ಪುಡಿ ಎಲ್ಲಾ ಕಡೆ ಒಂದೇ ದಪ್ಪ ಕೂರುತ್ತದೆ, ಸುರಿಯುವಾಗ ಸ್ವಲ್ಪ ಆಚೀಚೆ ಆದರೂ ಕಪ್ಪಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ತೊಂದರೆ ಎರಡು. ಆ ನೆರಿಗೆ ಪೇಪರ್ ದುಬಾರಿ. ಮತ್ತೆ ಅಂಗಡಿ ಮಿಷನ್ನಿನ ಪುಡಿಯಲ್ಲಿ ಹಿಟ್ಟಿನಂಶ ಜಾಸ್ತಿ, ಅದು ತಳಕ್ಕೆ ಕೂತರೆ ಮೂರೂ ತೂತು ಕಟ್ಟಿಕೊಂಡು ನೀರು ನಿಂತೇ ಬಿಡುತ್ತದೆ.

ನನ್ನ ಓಟು ಬೆಣೆಗೆ. ಇದರ ಮೂಲ ಜರ್ಮನಿಯ ಡ್ರೆಸ್ಡೆನ್. ಮೆಲಿಟಾ ಬೆಂಟ್ಸ್ ಅನ್ನುವ ಗೃಹಿಣಿ ಕಾಫಿಯ ಗಸಿಗೆ ಬೇಸತ್ತು, ಹಿತ್ತಾಳೆ ಪಾತ್ರೆಗೆ ತೂತು ಹೊಡೆದು, ಮಗನ ನೋಟುಬುಕ್ಕಿನ ಒತ್ತುಕಾಗದ ಹಾಸಿ ಸೋಸಿದರು. 1908ರಲ್ಲಿ ಹಕ್ಕು ನೋಂದಾಯಿಸಿಕೊಂಡರು. ನಿಮ್ಮ ದೂರು ಕೂಡ ಗಸಿಯದ್ದೇ ಅಲ್ವಾ? ಬೆಣೆಯ ತೂತು ಚಿಕ್ಕದು, ನೀರು ತನ್ನ ವೇಗದಲ್ಲಿ ಇಳಿಯುತ್ತದೆ, ಮಾಮೂಲಿ ಪಾತ್ರೆಯಿಂದ ಸುರಿದರೂ ನಡೆಯುತ್ತದೆ. ಮನೆ ಬಳಕೆಯ ಎಷ್ಟೋ ಕರೆಂಟ್ ಕಾಫಿ ಮೇಕರಿಗೂ ಇದೇ ಆಕಾರದ ಪೇಪರ್, ಹಾಗಾಗಿ ಹುಡುಕಾಟ ಕಡಿಮೆ. ಇಬ್ಬರಿಗೆ ಅಂದರೆ 1×4 ಅಳತೆ ತಗೊಳ್ಳಿ. 1×2 ಒಬ್ಬರಿಗೆ ಸರಿ, ಇಬ್ಬರಿಗೆ ಇಕ್ಕಟ್ಟು.

ಪೇಪರಿನಲ್ಲಿ ಎರಡು ಹೊಲಿಗೆ ಅಂಚು ಇರುತ್ತವೆ, ಒಂದು ಪಕ್ಕದಲ್ಲಿ, ಒಂದು ತಳದಲ್ಲಿ. ತಳದ್ದನ್ನು ಮುಂದಕ್ಕೆ ಮಡಚಿದರೆ ಪಕ್ಕದ್ದನ್ನು ಹಿಂದಕ್ಕೆ ಮಡಚಿ. ಉಗುರಿನಿಂದ ಒಮ್ಮೆ ತೀಡಿ. ಆಮೇಲೆ ಒಳಗೆ ಬೆರಳು ಹಾಕಿ ತಳ ಬಿಡಿಸಿದರೆ ಗೋಡೆಗೆ ಸರಿಯಾಗಿ ಅಂಟಿ ಕೂರುತ್ತದೆ. ಹಾಗೇ ತುರುಕಿದರೆ ಒಂದು ಮೂಲೆ ಎದ್ದು ನಿಲ್ಲುತ್ತದೆ, ನೀರು ಅಲ್ಲಿಂದಲೇ ದಾರಿ ಮಾಡಿಕೊಳ್ಳುತ್ತದೆ. ಕೂರಿಸಿದ ಮೇಲೆ ಬಿಸಿನೀರು ಸುರಿದು ತೊಳೆದು ಚೆಲ್ಲಿ, ಕಾಗದದ ವಾಸನೆ ಹೋಗುತ್ತದೆ.

ಪಿಂಗಾಣಿಯೋ ಪ್ಲಾಸ್ಟಿಕ್ಕೋ? ಪ್ಲಾಸ್ಟಿಕ್. ನಮ್ಮ ಮಳೆಗಾಲದ ಬೆಳಗ್ಗೆ ಅಡುಗೆಮನೆಯ ಕಟ್ಟೆ ಮೇಲಿನ ಪಿಂಗಾಣಿ ಮುಟ್ಟಿ ನೋಡಿ, ಕೊರೆಯುತ್ತಿರುತ್ತದೆ. ಮೊದಲೇ ಚೆನ್ನಾಗಿ ಬಿಸಿ ಮಾಡದಿದ್ದರೆ ಕಾಫಿಗೆ ಸೇರಬೇಕಾದ ಬಿಸಿಯನ್ನು ಅದೇ ಹೀರುತ್ತದೆ. ಪ್ಲಾಸ್ಟಿಕ್ ಅಷ್ಟು ಹೀರುವುದಿಲ್ಲ, ಅಗ್ಗ, ಕೈಜಾರಿ ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ.

ಹೊಸನಗರದವಳು

ಪೇಪರ್ ಪೇಪರ್ ಅಂತ ಇಷ್ಟು ಮಾತಾಡುತ್ತೀರಲ್ಲ ಮಾರಾಯ್ರೆ, ನಮ್ಮ ಕಡೆ ಹಳೇ ಮನೆಗಳಲ್ಲಿ ಕಾಫಿ ಸೋಸುತ್ತಿದ್ದದ್ದು ಬಟ್ಟೆಯಲ್ಲೇ. ಜಪಾನಿನವರು ಇವತ್ತಿಗೂ ಬಟ್ಟೆ ಚೀಲದಲ್ಲಿ ಡ್ರಿಪ್ ಮಾಡುತ್ತಾರೆ. ಪೇಪರ್ ಎಣ್ಣೆ ಅಂಶ ಹಿಡಿದುಕೊಂಡು ಬಿಡುತ್ತದೆ, ಬಟ್ಟೆ ಸ್ವಲ್ಪ ಬಿಡುತ್ತದೆ, ಹಾಗಾಗಿ ಕಾಫಿ ಬಾಯಿಗೆ ತುಂಬಿಕೊಂಡ ಹಾಗೆ ಇರುತ್ತದೆ. ಸೋಪು ಮಾತ್ರ ತಾಗಿಸಬೇಡಿ. ಬಿಸಿನೀರಲ್ಲಿ ತೊಳೆದು, ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿ ಇಡಬೇಕು. ಒಣಗಲು ಬಿಟ್ಟರೆ ಉಳಿದ ಎಣ್ಣೆ ಕಮಟು ವಾಸನೆ ಬರುತ್ತದೆ.

ಪೇಪರೇ ತಗೊಳ್ಳುವುದಾದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಆಷಾಢದಲ್ಲಿ ನಮ್ಮನೆಯಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಪೇಪರ್ ಯಾವ ಲೆಕ್ಕ? ಒಲೆಯ ಹೊಗೆ, ಅಡಿಕೆ ಬೇಯಿಸಿದ ವಾಸನೆ, ಎಲ್ಲಾ ಹೀರಿಕೊಳ್ಳುತ್ತದೆ.

ತುಂಗಾತೀರ, ಶಿವಮೊಗ್ಗ

ಬಟ್ಟೆ ದಿನಾ ನೋಡಿಕೊಳ್ಳುವುದು ನಮ್ಮಿಂದ ಆಗದ ಕೆಲಸ, ಆದರೂ ಡಬ್ಬಿಯ ಮಾತಿಗೆ ಧನ್ಯವಾದ ಮೇಡಂ. ಬಾವಿನೀರು ಅವರೇ, ಬೆಣೆಯೇ ತರಿಸುತ್ತೇನೆ. ಪುಡಿ, ನೀರಿನ ಅಳತೆ ಎಷ್ಟು? ಅಂಗಡಿಯವರಿಗೆ ಪುಡಿ ಹೇಗೆ ಹೇಳಲಿ? ಅಮ್ಮನ ಚಿಕೋರಿ ಪುಡಿಯನ್ನೂ ಇದರಲ್ಲಿ ಹಾಕಬಹುದಾ?

ಬಾವಿನೀರು, ತೀರ್ಥಹಳ್ಳಿ

ಇಬ್ಬರಿಗೆ 30 ಗ್ರಾಂ ಪುಡಿ, 480 ಗ್ರಾಂ ನೀರು. ಅಂದರೆ ಒಂದಕ್ಕೆ ಹದಿನಾರು. ಅಡುಗೆಮನೆಯ ತಕ್ಕಡಿ ಇದ್ದರೆ ಸಾಕು. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದೇ 98 ಡಿಗ್ರಿ ಹತ್ತಿರ. ಥರ್ಮಾಮೀಟರ್ ಬೇಡ. ಕುದಿ ನಿಂತ ಮೇಲೆ ಅರ್ಧ ನಿಮಿಷ ಬಿಟ್ಟು ಸುರಿಯಿರಿ. ಮೊದಲು 60 ರಿಂದ 80 ಗ್ರಾಂ ಹಾಕಿ ಅರ್ಧ ನಿಮಿಷ ಕಾಯಿರಿ. ಹೊಸದಾಗಿ ಹುರಿದ ಬೀಜವಾದರೆ ಗಾಳಿ ಬಿಟ್ಟು ಉಬ್ಬುತ್ತದೆ, ನೋಡುವುದಕ್ಕೇ ಖುಷಿ. ಉಳಿದದ್ದನ್ನು ಎರಡು ಮೂರು ಕಂತಿನಲ್ಲಿ ಹಾಕಿ. ಒಟ್ಟು ನಾಲ್ಕು ನಿಮಿಷದ ಆಸುಪಾಸು ಇಳಿದರೆ ಸರಿ.

ಪುಡಿಯನ್ನು 'ಫಿಲ್ಟರಿಗೆ' ಅಂದರೆ ಅಂಗಡಿಯವರು ಸ್ಟೀಲ್ ಫಿಲ್ಟರಿಗೆ ಅಂದುಕೊಂಡು ನುಣ್ಣಗೆ ಮಾಡಿಬಿಡುತ್ತಾರೆ. 'ಚಿರೋಟಿ ರವೆಗಿಂತ ದಪ್ಪ, ಉಪ್ಪಿಟ್ಟು ರವೆಗಿಂತ ಚೂರು ಸಣ್ಣ' ಅನ್ನಿ. ನಿಮಗಿಂತ ಮುಂಚೆ ಚಿಕೋರಿ ಪುಡಿ ಮಾಡಿಸಿದವರು ಇದ್ದರೆ, ನಿಮ್ಮದೇ ಬೀಜ ಒಂದು ಹಿಡಿ ಹಾಕಿಸಿ, ಆ ಪುಡಿ ಬೇರೆ ತೆಗೆಸಿ. ನೀರು ಇಳಿಯುವುದು ತಡವಾಗಿ, ಕಾಫಿ ಕಹಿಯಾದರೆ ಮುಂದಿನ ಸಲ ಇನ್ನೂ ದಪ್ಪ. ಸರ್ರನೆ ಇಳಿದು ಬರೀ ಹುಳಿಯಾದರೆ ಸಣ್ಣ. ಮುಂದೆ ದುಡ್ಡು ಕೂಡಿದಾಗ ಕೊಕ್ಕಿನ ಕೆಟಲ್‌ಗಿಂತ ಮೊದಲು ಕೈಯಲ್ಲಿ ತಿರುಗಿಸುವ ಗ್ರೈಂಡರ್ ತಗೊಳ್ಳಿ. ಮೂರು ಆಕಾರಗಳ ನಡುವೆ ಇರುವ ವ್ಯತ್ಯಾಸಕ್ಕಿಂತ ಆಗ ತಾನೇ ಮಾಡಿದ ಪುಡಿಗೂ ವಾರ ಕಳೆದ ಪುಡಿಗೂ ಇರುವ ವ್ಯತ್ಯಾಸ ದೊಡ್ಡದು.

ಚಿಕೋರಿ ಪುಡಿ ಇದಕ್ಕೆ ಬೇಡ. ಚಿಕೋರಿ ನೀರಲ್ಲಿ ಕಾಫಿಗಿಂತ ಜಾಸ್ತಿ ಕರಗುತ್ತದೆ, ಉಳಿದದ್ದು ಮೆತ್ತಗಾಗಿ ಪೇಪರ್ ಕಟ್ಟಿಸುತ್ತದೆ. ಅದು ಅಮ್ಮನ ಫಿಲ್ಟರಿಗೇ ಇರಲಿ. ಸೋಸಿದ ಚರಟ ಮಾತ್ರ ಎರಡರದ್ದೂ ಮಲ್ಲಿಗೆ ಗಿಡದ ಬುಡಕ್ಕೆ ಹಾಕಬಹುದು, ಪೇಪರ್ ಸಮೇತ.